ಸಿದ್ದಣ್ಣನ ಹೆಗಲು

“ಬೆನ್ನು ಗ್ವಾಡಿಗೆ ಹಚ್ಚಬ್ಯಾಡಲೇ ಸಾಬಾ. ಮೊನ್ನೆನ ಸುಣ್ಣಾ ಹೊಡಿಸೀವಿ. ಹಿಂಡಿ ಚೀಲದ ಜಿಡ್ಡು ಹತ್ತಿದರ ನಿಮ್ಮಪ್ಪ ಬಂದು ತೊಳೀತಾನೇನು?”

ಕಾಂತಪ್ಪ ಹಾಗೆಂದಾಗ ಇಮಾಮಸಾಬ ಗೋಡೆ ಬಿಟ್ಟು ಸರಿದು ನಿಂತ. ತಿಂಗಳುಗಟ್ಟಲೆ ಚೀಲ ಮುಟ್ಟದ ಬೆನ್ನಿಗೆ ಜಿಡ್ಡೆಲ್ಲಿಂದ ಬರಬೇಕು ಎಂದು ಕೇಳಬಹುದಿತ್ತು. ಕಾಂತಪ್ಪನೂ ಅದೇ ಚೀಲ ಹೊತ್ತು ಬೆಳೆದವನು. ಈಗ ಇಸ್ತ್ರಿ ಅಂಗಿ ತೊಟ್ಟು ಸಿದ್ದಲಿಂಗಪ್ಪನ ಆಫೀಸಿನ ಬಾಗಿಲು ಕಾಯುತ್ತಿದ್ದ.

ಸಯನ್‌ನ ಆ ಆಫೀಸನ್ನು ಚುನಾವಣೆಗೆಂದೇ ಹಿಡಿದಿದ್ದರು. ಹಿಂದಿನ ದಿನ ಫಲಿತಾಂಶ ಬಂದಿತ್ತು. ಹಮಾಲರ ಯೂನಿಯನ್ ಲೀಡರ ಸಿದ್ದಲಿಂಗಪ್ಪ ಶಾಸಕನಾಗಿದ್ದ.

ಸಿದ್ದಲಿಂಗಪ್ಪ, ಇಮಾಮಸಾಬ ಇಬ್ಬರೂ ವಿಜಾಪುರ ಕಡೆಯವರು. ಇಮಾಮಸಾಬ ಊರು ಬಿಟ್ಟು ಬಂದ ಹೊಸದರಲ್ಲಿ, ಕುರ್ಲಾದ ಶೇಠನ ಗೋದಾಮಿನಲ್ಲಿ ಅವನ ಬೆನ್ನಿಗೆ ಮೊದಲ ಚೀಲ ಏರಿಸಿದವನು ಸಿದ್ದಲಿಂಗಪ್ಪನೇ. ಏರಿಸಿ ಕಿವಿಯ ಹತ್ತಿರ ಬಗ್ಗಿ ಹೇಳಿದ್ದ: “ಹೊತ್ತ ಹೊರಿ ಹಾದ್ಯಾಗ ಇಳಸಬಾರದು ತಮ್ಮಾ. ಇಳಿಸಿದಿ ಅಂದ್ರ ಮತ್ತ ಏರಸಾಕ ಯಾರೂ ಬರಂಗಿಲ್ಲ. ಥಪ್ಪಿ ಮುಟ್ಟಿದ ಮ್ಯಾಲೇ ಬೆನ್ನು ತಿರುವು.” ಗೋದಾಮಿನೊಳಗೆ ಚೀಲದ ಮೇಲೆ ಚೀಲ ಒಟ್ಟಿದ ರಾಶಿಯೇ ಥಪ್ಪಿ. ಗುಂಪಾಗಿ ಚೀಲ ಹೊರುವ ಟೋಳಿಯವರೆಲ್ಲ ನಡೆಸಿಕೊಂಡು ಬಂದ ಕಟ್ಟಳೆ ಅದು. ಜ್ವರವಿದ್ದರೂ, ಕಾಲು ಉಳುಕಿದರೂ ಯಾರೂ ಅದನ್ನು ಮುರಿದಿರಲಿಲ್ಲ.

ಶೇಠನ ವಿರುದ್ಧ ಹಮಾಲರು ಸಂಪು ಹೂಡಿದಾಗ ಗೋದಾಮಿನ ಗೇಟಿನೆದುರು ವೇದಿಕೆ ಹಾಕಲು ಪೊಲೀಸರು ಬಿಡಲಿಲ್ಲ. ಇಮಾಮಸಾಬನ ಹೆಗಲೇ ವೇದಿಕೆಯಾಯಿತು. ಸಿದ್ದಲಿಂಗಪ್ಪ ಮೇಲೆ ಕೂತು ಭಾಷಣ ಮಾಡುತ್ತ, ಬಲ ಮೊಣಕಾಲು ಒತ್ತಿದರೆ ಇವನು ಬಲಕ್ಕೆ, ಎಡ ಒತ್ತಿದರೆ ಎಡಕ್ಕೆ ತಿರುಗಬೇಕು. ತೊಡೆಗಳ ನಡುವೆ ಕಿವಿ ಮುಚ್ಚಿಹೋಗುತ್ತಿದ್ದುದರಿಂದ ಆ ಭಾಷಣಗಳಲ್ಲಿ ಒಂದನ್ನೂ ಅವನು ಪೂರ್ತಿ ಕೇಳಿದವನಲ್ಲ. ಮಾತು ಎಲುಬಿನಿಂದ ಎಲುಬಿಗೆ ಗುಂಯ್ ಎಂದು ಇಳಿದು ಬರುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು. ಜನ ಅವನಿಗೆ ಸಿದ್ದಣ್ಣನ ಹೆಗಲು ಎಂದೇ ಹೆಸರಿಟ್ಟರು.

ಸಂಪು ಮುರಿದ ಮೇಲೆ ಶೇಠ ಉಳಿದವರನ್ನೆಲ್ಲ ಒಳಗೆ ಕರೆದುಕೊಂಡ. ಮುಂದೆ ನಿಂತಿದ್ದ ಇಮಾಮಸಾಬನ ಟೋಳಿಗೆ ಮಾತ್ರ ಗೇಟು ಮುಚ್ಚಿತು. ನಾನು ಅಸೆಂಬ್ಲಿಗೆ ಆರಿಸಿ ಬಂದ ಮರುದಿನವೇ ಗೇಟು ತೆರೆಸುತ್ತೇನೆ ಎಂದು ಸಿದ್ದಲಿಂಗಪ್ಪ ಮಾತು ಕೊಟ್ಟಿದ್ದ. ಆ ಮಾತು ನಂಬಿ ಟೋಳಿಯವರು ಕೂಲಿಕಾರರ ಚಾಳು ಚಾಳು ತಿರುಗಿ ಮತ ಕೇಳಿದ್ದರು.

ಇಂದೇ ಆ ಮರುದಿನ.

ಒಳಗೆ ಹೋದರೆ ಸಿದ್ದಲಿಂಗಪ್ಪನ ಮಗ್ಗುಲಲ್ಲಿ ಶೇಠ ಕೂತು ಪೇಢೆ ತಿನ್ನುತ್ತಿದ್ದ. ಸಿದ್ದಲಿಂಗಪ್ಪ ಎದ್ದು ಬಂದು ಇಮಾಮಸಾಬನ ಕೈಗೂ ಒಂದು ಪೇಢೆ ಇಟ್ಟ.

“ಸಿದ್ದಣ್ಣ, ಗೇಟಿಂದು?”

ಸಿದ್ದಲಿಂಗಪ್ಪ ಮೇಲೆ ತಿರುಗುವ ಫ್ಯಾನಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ ಅಂದ: “ಇಮಾಮ, ನಿನ್ನೀ ತನಕ ನಾ ನಿಮ್ಮಾಂವ ಇದ್ದೆ. ಈಗ ಎಲ್ಲಾರಾಂವ. ಶೇಠಜೀನೂ ನಮ್ಮವರ. ಸ್ವಲ್ಪ ತಡಿ.”

“ಅರೇ, ಪೇಢಾ ಖಾ,” ಎಂದ ಶೇಠ. “ಹಾಥ್ ಮೇ ಪಿಘಲ್ ಜಾಯೇಗಾ.” ಪೇಢೆ ಕೈಯಲ್ಲೇ ಕರಗಿ ಹೋಗುತ್ತದೆ ಎಂಬ ಕಾಳಜಿ ಅವನಿಗೆ.

ನಾಳೆ ಕುರ್ಲಾ ಸ್ಟೇಷನ್ನಿನಿಂದ ಮೆರವಣಿಗೆ ಎಂದು ಸಿದ್ದಲಿಂಗಪ್ಪ ಮಾತು ತಿರುಗಿಸಿದ. ಜೀಪು ಬೇಡ ಅಂದಿದ್ದೇನೆ, ನಿನ್ನ ಹೆಗಲ ಮೇಲೆಯೇ ಬರುತ್ತೇನೆ, ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆ ಎಂದ. ಹೊರಗೆ ಕಾಂತಪ್ಪ ಹಾದಿಯನ್ನೂ ತಿಳಿಸಿದ. ದಾರಿ ಒಡೆಯುವ ನಾಕಾದಲ್ಲಿ ಬಲಕ್ಕೆ ಹೊರಳಬೇಕು. ಎಡಕ್ಕೆ ಗೋದಾಮಿನ ಗಲ್ಲಿ ಇದೆಯಲ್ಲ, ಅತ್ತ ತಲೆ ಹಾಕಬಾರದು.

ಇಮಾಮಸಾಬ ಇದ್ದ ಚಾಳಿನ ಕಿಟಕಿಗೆ ಯುದ್ಧದ ಬ್ಲ್ಯಾಕ್‌ಔಟಿನಲ್ಲಿ ಬೆಳಕು ಹೊರಬೀಳದಂತೆ ಅಂಟಿಸಿದ ಕಪ್ಪು ಕಾಗದ ಇನ್ನೂ ಹಾಗೇ ಇತ್ತು. ಕಿತ್ತರೆ ಗಾಜೂ ಬೀಳುತ್ತದೆ ಎಂದು ಯಾರೂ ಮುಟ್ಟಿರಲಿಲ್ಲ. ಇಮಾಮಸಾಬ ಪೇಢೆಯನ್ನು ಹೆಂಡತಿಯ ಮುಂದಿಟ್ಟು ನಾಳೆಯ ಮೆರವಣಿಗೆಯ ವಿಷಯ ಹೇಳಿದ. ರಶೀದಾ ಅದನ್ನೂ ಅವನ ಮುಖವನ್ನೂ ನೋಡಿದಳು.

“ಕಲ್ ಫಿರ್ ಉಠಾತೇ ಕ್ಯಾ ಉನೋಕು?”

ನಾಳೆ ಮತ್ತೆ ಅವರನ್ನು ಹೊರುತ್ತೀರೇನು ಎಂದು ಅವಳು ಕೇಳಿದ್ದಕ್ಕೆ ಅವನು ಹೆಗಲು ತಿಕ್ಕಿಕೊಂಡ. ಹೊರದಿದ್ದರೆ ಇದ್ದೊಂದು ಬಾಗಿಲೂ ಮುಚ್ಚುತ್ತದೆ. ಹೊತ್ತರೆ ಏನು ತೆರೆಯುತ್ತದೆ, ಅದೂ ತಿಳಿಯದು.

“ಗಧೇಕು ಬೀ ಘಾಸ್ ಡಾಲತೇ ಜೀ,” ಎಂದಳು ರಶೀದಾ. ಕತ್ತೆಗಾದರೂ ಹುಲ್ಲು ಹಾಕುತ್ತಾರೆ ಎಂಬ ಆ ಮಾತು ಆ ಸಣ್ಣ ಖೋಲಿಯಲ್ಲಿ ಎಲ್ಲಿಯೂ ಹೋಗಲಿಕ್ಕೆ ಜಾಗವಿಲ್ಲದೆ ಕೂತುಬಿಟ್ಟಿತು.

ಮರುದಿನ ಮುಂಜಾನೆ ಸಿದ್ದಲಿಂಗಪ್ಪ ಹೆಗಲೇರಿದಾಗ ಇಮಾಮಸಾಬನ ಮೊಣಕಾಲು ಕಡಕ್ ಎಂದಿತು. ಮೈ ಬಂದಿದೆ ಸಿದ್ದಣ್ಣನಿಗೆ. ಹಾರಗಳ ತೂಕ ಬೇರೆ. ಹಳೆಯ ರೂಢಿಯಂತೆ ಅವನ ಎರಡೂ ಕಣಕಾಲು ಹಿಡಿದುಕೊಂಡು ನಡೆದ. ಸುತ್ತ ಟೋಳಿಯವರು, ಮುಂದೆ ಬ್ಯಾಂಡು. ಗುಲಾಲು ಕಣ್ಣಿಗೆ ಬಿದ್ದು ಉರಿಯುತ್ತಿತ್ತು.

ನಾಕಾ ಬಂತು. ಬ್ಯಾಂಡು ಬಲಕ್ಕೆ ಹೊರಳಿತು. ಸಿದ್ದಲಿಂಗಪ್ಪನ ಬಲ ಮೊಣಕಾಲು ಒತ್ತಿತು.

ಇಮಾಮಸಾಬ ನಿಂತ.

ಮೊಣಕಾಲು ಇನ್ನೊಮ್ಮೆ, ಜೋರಾಗಿ, ಎತ್ತಿಗೆ ತಿವಿದ ಹಾಗೆ ತಿವಿಯಿತು. ಅವನು ಎಡಕ್ಕೆ ಕಾಲಿಟ್ಟ. ಟೋಳಿಯವರು ಒಬ್ಬರ ಮುಖ ಒಬ್ಬರು ನೋಡಿ, ಎಡಕ್ಕೇ ಹೊರಳಿದರು. ಶಾಸಕ ಹೋದತ್ತ ಜನ. ಬಲಕ್ಕೆ ಹೋಗಿದ್ದ ಬ್ಯಾಂಡಿನವರು ಹಿಂದೆ ಯಾರೂ ಇಲ್ಲವೆಂದು ತಿಳಿದು, ತುತ್ತೂರಿ ಕಂಕುಳಲ್ಲಿಟ್ಟು ಓಡಿ ಬಂದರು.

ಗೋದಾಮಿನ ಗೇಟು ಮುಚ್ಚಿತ್ತು. ಮೂಗು ತಗಲುವಷ್ಟು ಹತ್ತಿರ ಹೋಗಿ ಇಮಾಮಸಾಬ ನಿಂತ. ಟೋಳಿಯವರು ಹಿಂದಿನಿಂದ ಒತ್ತಾಗಿ ನಿಂತರು. ಕಾಂತಪ್ಪ ನುಗ್ಗಲು ನೋಡಿದ, ದಾರಿ ಸಿಗಲಿಲ್ಲ. “ಇಳಸಲೇ ಸೂಳೆಮಗನ, ಸಾಹೇಬರನ್ನ ಇಳಸು,” ಎಂದು ದೂರದಿಂದಲೇ ಒದರಿದ.

ಸಿದ್ದಲಿಂಗಪ್ಪ ಬಗ್ಗಿದ. ಹಾರದ ಹೂವು ಇಮಾಮಸಾಬನ ಮೋರೆಗೆ ಬಡಿಯಿತು. “ಇಳಸು ಇಮಾಮ. ಮಂದಿ ನೋಡಾಕತ್ತಾರ.”

“ಥಪ್ಪಿ ಒಳಗೈತಿ ಅಣ್ಣಾ.”

ಮೇಲಿನವನು ಕಾಲು ಜಗ್ಗಿದ. ಹಿಡಿತ ಸಡಿಲಲಿಲ್ಲ. ಬ್ಯಾಂಡು ನಿಂತಿತು, ಘೋಷಣೆ ನಿಂತಿತು. ತೊಡೆಗಳು ಮೆಲ್ಲಗೆ ಅಗಲಿ ಇಮಾಮಸಾಬನ ಕಿವಿಗಳು ತೆರೆದುಕೊಂಡವು. ಈ ಸಲ ಪೂರ್ತಿ ಕೇಳೋಣವೆಂದು ಕಾದ. ಮೇಲಿಂದ ಒಂದು ಮಾತೂ ಬರಲಿಲ್ಲ.

ಅವನು ಕಣಕಾಲುಗಳ ಹಿಡಿತ ಇನ್ನಷ್ಟು ಬಿಗಿ ಮಾಡಿದ. ಗೇಟಿನ ಸಂದಿಯಲ್ಲಿ ವಾಚ್‌ಮನ್‌ನ ಕಣ್ಣು ಕಂಡಿತು. ಆ ಕಣ್ಣು ಮರೆಯಾಗಿ, ಇದ್ದ ಬೀಗದ ಜೊತೆಗೆ ಒಳಗಿನಿಂದ ಇನ್ನೊಂದು ಬೀಗ ಬಿದ್ದ ಸದ್ದಾಯಿತು.