ಬಾಯಿ ಹೊಲಿಯದ ಐದು ಮೂಟೆ

ಖರೀದಿದಾರರ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಕಾಫಿಯಲ್ಲಿ ಮುಗ್ಗಲು ವಾಸನೆ ಇದೆ, ಈ ಮಾದರಿ ಬೇಡ. ಬೇಕಿದ್ದರೆ ಶುಕ್ರವಾರದೊಳಗೆ ಇನ್ನೊಂದು ಕಳಿಸಿ.

ನಾಣಯ್ಯನವರು ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಕುಶಾಲನಗರದ ಹೊರಗಿರುವ ನಮ್ಮ ಕ್ಯೂರಿಂಗ್ ವರ್ಕ್ಸಿನ ಮಾಲೀಕರು ಅವರು. ತೋಟಗಳಿಂದ ಬಂದ ಕಾಫಿಯನ್ನು ಕಣದಲ್ಲಿ ಒಣಗಿಸಿ, ಮಿಷನ್ನಿನಲ್ಲಿ ಸಿಪ್ಪೆ ತೆಗೆದು, ಕೈಯಲ್ಲಿ ಆರಿಸಿ, ಲ್ಯಾಬಿನಲ್ಲಿ ರುಚಿ ನೋಡಿ ಕಳಿಸುವುದು ನಮ್ಮ ಕೆಲಸ. ಲ್ಯಾಬು ನನ್ನದು. ಎಲ್ಲರ ಕಾಫಿಯನ್ನೂ ಒಂದೇ ರಾಶಿಗೆ ಸುರಿಯುವ ಬದಲು ಒಳ್ಳೆಯ ತೋಟದ್ದನ್ನು ಬೇರೆಯಾಗಿಯೇ ಇಟ್ಟು ಮಾರೋಣ ಎಂದು ಎರಡು ವರ್ಷ ಅವರ ಬೆನ್ನು ಹತ್ತಿ ಒಪ್ಪಿಸಿದವಳೂ ನಾನೇ. ಇದು ಮೊದಲ ಲಾಟು. ಶ್ರೀಮಂಗಲದ ಒಂದೇ ತೋಟದ ನಲವತ್ತು ಮೂಟೆ.

“ಇನ್ನೊಂದು ಮಾದರಿನೂ ಹೋಯ್ತು ಅಂದ್ರೆ ಈ ವಿಭಾಗ ಮುಚ್ಚೋದೇ, ಉಷಾ. ನಿಮ್ಮನ್ನ ಹಾಸನದ ಗೋಡೌನಿಗೆ ಹಾಕ್ಬೇಕಾಗ್ತದೆ. ಬೇಜಾರು ಮಾಡ್ಕೋಬೇಡಿ.”

ನನ್ನ ಗಂಡ ಕುಟ್ಟದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮನೆಗೆ ಬರುವುದು ಶನಿವಾರ. ಮಗಳು ಶ್ವೇತ ಐದನೇ ಕ್ಲಾಸು. ನಾನು ಹಾಸನಕ್ಕೆ ಹೋದರೆ ಬೆಳಿಗ್ಗೆ ಅವಳಿಗೆ ಜಡೆ ಹಾಕುವವರು ಯಾರು ಅನ್ನುವುದೇ ನನಗೆ ಮೊದಲು ಹೊಳೆದದ್ದು.

ನಾಣಯ್ಯನವರು ಆಗಲೇ ಮೂವರನ್ನು ಆಫೀಸಿಗೆ ಕರೆಸಿದರು. ಕಣ ನೋಡಿಕೊಳ್ಳುವ ಕೆಂಪಣ್ಣ, ಮಿಷನ್ ಶೆಡ್ಡಿನ ತೀರ್ಥಪ್ರಸಾದ್, ಆರಿಸುವ ಹೆಂಗಸರ ಮೇಸ್ತ್ರಿ ವನಜಮ್ಮ. ಆಫೀಸಿನಲ್ಲಿ ಇದ್ದದ್ದು ಎರಡೇ ಕುರ್ಚಿ. ನಾವಿಬ್ಬರು ಕೂತಿದ್ದೆವು, ಅವರು ನಿಂತಿದ್ದರು.

“ನನ್ ಕಣದಿಂದ ಹಸಿ ಕಾಳು ಹೋಗಿಲ್ಲ ಬುದ್ಧಿ. ಇಪ್ಪತ್ತು ವರ್ಷದಿಂದ ಕಚ್ಚಿ ನೋಡೇ ಕಳಿಸ್ತಿರದು” ಎಂದ ಕೆಂಪಣ್ಣ.

“ಮಿಷನ್ನಿಗೆ ವಾಸನೆ ಉಂಟಾ ಸಾರ್? ಕೊಟ್ಟದ್ದನ್ನು ಸಿಪ್ಪೆ ತೆಗೆದು ಕೊಡ್ತದೆ, ಅಷ್ಟೆ” ಎಂದರು ತೀರ್ಥಪ್ರಸಾದ್. ಅವರು ಸಂಪಾಜೆ ಕಡೆಯವರು.

ವನಜಮ್ಮ ಸೆರಗಿನ ತುದಿ ನೋಡುತ್ತ ನಿಂತಿದ್ದರು. ನಾನು ತೇವದ ಮೀಟರಿನ ರೀಡಿಂಗ್ ತೋರಿಸಿದೆ, ಸರಿಯಾಗಿಯೇ ಇತ್ತು. ನಾಲ್ವರದ್ದೂ ಸರಿ, ಕಾಫಿ ಮಾತ್ರ ಕೆಟ್ಟಿತ್ತು.

ಬಾಗಿಲು ದಾಟುವಾಗ ವನಜಮ್ಮ ಒಮ್ಮೆ ನನ್ನ ಮುಖ ನೋಡಿದರು. ಎರಡು ವಾರದ ಹಿಂದೆ ಅವರು ಒಂದು ಹಿಡಿ ಬೀಜ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದದ್ದು ಆಗ ನೆನಪಾಯಿತು. ನಾನು ತಲೆ ಎತ್ತದೆ, “ವನಜಮ್ಮ, ನೀವು ಕಪ್ಪು ಕಾಳು ಆರಿಸಿ ಸಾಕು. ರುಚಿ ನಾನು ನೋಡ್ಕೋತೀನಿ” ಎಂದಿದ್ದೆ. ಅವರು ತಿರುಗಿ ಹೋಗಿದ್ದರು.

ಈಗ ಹಿಂದೆಯೇ ಹೋಗಿ ಕೇಳಬಹುದಿತ್ತು. ಆದರೆ ಅವರೊಬ್ಬರನ್ನೇ ಕರೆದರೆ, ಮೇಡಂ ಕಿವಿಗೆ ವನಜಮ್ಮ ಚಾಡಿ ಹಾಕಿದಳು ಎಂದು ಕಣದವರು ಆಡಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. ಟೀ ಕೂಡ ಬೇರೆ ಬೇರೆ. ಟೀ ಮಾಡುವ ಹೆಂಗಸು ದೊಡ್ಡಿಯ ಹತ್ತಿರ ಇರುವುದೇ ಹದಿನೆಂಟು ಲೋಟ. ಹತ್ತಕ್ಕೆ ಕಣ, ತೊಳೆದು ಹತ್ತೂವರೆಗೆ ಶೆಡ್ಡು, ಮತ್ತೆ ತೊಳೆದು ಹನ್ನೊಂದಕ್ಕೆ ಹೆಂಗಸರು, ಕೊನೆಗೆ ನಾವು. ಒಂಬತ್ತು ವರ್ಷದಲ್ಲಿ ನಾನು ಕೆಂಪಣ್ಣನ ಜೊತೆ ಕೂತು ಒಂದು ಲೋಟ ಟೀ ಕುಡಿದಿರಲಿಲ್ಲ.

“ನಾಳೆ ಎಲ್ರಿಗೂ ಒಟ್ಟಿಗೆ ಕೊಡು ದೊಡ್ಡಕ್ಕ, ಕಣದಲ್ಲಿ” ಎಂದು ದೊಡ್ಡಿಗೆ ಹೇಳಿದೆ.

“ಲೋಟ ಯಾರು, ನಿಮ್ಮಜ್ಜಿ ಕೊಡ್ತಾಳಾ?”

“ಅವರವರ ಲೋಟ ಅವರವರೇ ತರ್ಲಿ.”

ದೊಡ್ಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮೂರು ಸಲ ತೊಳೆಯೋದು ತಪ್ತದಲ್ಲ. ಮಾಡ್ತೀನಿ ಬಿಡಿ.”

ಮರುದಿನ ಹತ್ತೂವರೆಗೆ ಎಲ್ಲರೂ ಕಣದ ಅಂಚಿನ ನೆರಳಿಗೆ ಬಂದರು. ಮೊದಲು ಗುಂಪು ಗುಂಪಾಗಿಯೇ ನಿಂತಿದ್ದರು. ತೀರ್ಥಪ್ರಸಾದ್ ಚಿನ್ನದ ಗೆರೆಯ ಪಿಂಗಾಣಿ ಕಪ್ಪು ತಂದಿದ್ದರು, ಸಾಸರ್ ಸಮೇತ.

“ಏನ್ ತೀರ್ಥಣ್ಣ, ಹೆಂಡ್ತಿ ಬಳುವಳಿನೇ ಹೊತ್ಕಂಡ್ ಬಂದ್ಬುಟ್ರಾ?” ಎಂದ ಕೆಂಪಣ್ಣ.

“ನಿಮ್ಮ ಹಾಗೆ ಚೊಂಬು ತರ್ಲಿಕ್ಕೆ ನಾಚಿಕೆ ಆಯ್ತು ಮಾರಾಯ್ರೆ.”

ಹೆಂಗಸರು ನಕ್ಕರು, ಗುಂಪು ಸ್ವಲ್ಪ ಸಡಿಲವಾಯಿತು. ಕುರ್ಚಿ ಇಲ್ಲದ್ದರಿಂದ ಎಲ್ಲರೂ ಕಟ್ಟೆಯ ಮೇಲೆ ಕೂತರು. ನಾನು ಅವರು ಬೇಡವೆಂದ ಮಾದರಿಯ ಬೀಜವನ್ನು ಒಂದು ಮೊರಕ್ಕೆ ಸುರಿದು ನಡುವೆ ಇಟ್ಟೆ. ಹೇಗೆ ಶುರುಮಾಡಬೇಕು ಎಂದು ರಾತ್ರಿಯೆಲ್ಲ ಯೋಚಿಸಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

“ವನಜಮ್ಮ, ಅವತ್ತು ನೀವೇನೋ ಹೇಳೋಕೆ ಬಂದಿದ್ರಿ. ನಾನು ಕೇಳಿಸ್ಕೊಳ್ಲಿಲ್ಲ. ತಪ್ಪಾಯ್ತು. ಏನದು?”

ವನಜಮ್ಮ ಪಕ್ಕದವಳ ಮುಖ ನೋಡಿದರು. ಆಮೇಲೆ ಬಗ್ಗಿ ಮೊರದಿಂದ ಒಂದು ಹಿಡಿ ತೆಗೆದುಕೊಂಡರು.

“ಒಣಗಿದ್ ಬೀಜ ಕೈಯಾಗೆ ಜಾರ್ತದೆ ಕಣಮ್ಮ. ಅವತ್ತಿಂದು ಬೆರಳಿಗೆ ತಣ್ಣಗೆ ಹತ್ತಿತ್ತು. ಮಾದರಿಗೆ ಅಂತ ಹತ್ತು ಮೂಟೆ ಬಂತಲ್ಲ, ಅದ್ರಾಗೆ ಒಂದೈದು ಮೂಟೆದು ಮಾತ್ರ. ಮಿಕ್ಕಿದ್ದು ಚೆಂದಾಗಿತ್ತು.”

ಕೆಂಪಣ್ಣ ಚೊಂಬು ಕೆಳಗಿಟ್ಟ. “ಐದಾ?”

“ಐದೇ.”

“ಅಲ್ಲಾ, ಈ ಲಾಟಲ್ಲಿ ಐದು ಮೂಟೆ ಇನ್ನೂ ಹಸಿ ಅದೆ ಅಂತ ನಾನು ಬಾಯಿ ಹೊಲೀದೆ ಬುಟ್ಟಿದ್ದೆ. ನಾಳೆ ಮತ್ತೆ ಹರವಾನ ಅಂತ. ಮಾರನೇ ದಿನ ಬಂದು ನೋಡಿದ್ರೆ ಇಲ್ಲ! ಲ್ಯಾಬಿನೋರು ಆಗ್ಬೋದು ಅಂತ ತಕ್ಕಂಡೋಗವ್ರೆ ಅನ್ಕಂಡೆ. ನಾನ್ಯಾಕೆ ಕೇಳ್ಲಿ?”

ಕಣದಲ್ಲಿ ಬಾಯಿ ಹೊಲಿಯದ ಮೂಟೆ ಅಂದರೆ ಇನ್ನೂ ಒಣಗಬೇಕು ಎಂದು ಅರ್ಥವಂತೆ. ಕಣದ ಎಂಟು ಜನರಿಗೆ ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ತೀರ್ಥಪ್ರಸಾದ್ ಕಪ್ಪನ್ನು ಸಾಸರಿನ ಮೇಲೆ ಮೆಲ್ಲಗೆ ಇಟ್ಟರು. ಅವರ ಕಿವಿ ಕೆಂಪಾಗಿತ್ತು.

“ಅದು ನಾನು ಹೊಲಿದದ್ದು.”

ಎಲ್ಲರೂ ಅವರ ಕಡೆ ತಿರುಗಿದರು.

“ಸಂಜೆ ಹೋಗುವಾಗ ಕಂಡೆ. ಕೆಂಪಣ್ಣ ಮರೆತಿದ್ದಾರೆ, ಧಣಿಗಳು ನೋಡಿದ್ರೆ ಬೈತಾರೆ, ಮಂಜು ಬೇರೆ ಬೀಳ್ತದೆ ಅಂತ. ದಬ್ಬಳ ತಂದು ಐದನ್ನೂ ಹೊಲಿದು ಗೋಡೌನಿಗೆ ಹಾಕಿಸ್ದೆ. ಹೇಳಿದ್ರೆ ಅವರಿಗೆ ಅವಮಾನ ಅಂತ ಹೇಳ್ಲಿಲ್ಲ.”

ಕೆಂಪಣ್ಣ ಹಣೆ ಚಚ್ಚಿಕೊಂಡ. “ಥೂ ನಿನ್ನ! ನನ್ನ ಮಾನ ಉಳ್ಸೋಕೆ ಹೋಗಿ ಎಲ್ರ ಮಾನ ಕಳೆದ್ಯಲ್ಲಪ್ಪಾ” ಎಂದವನು ತಡೆಯಲಾರದೆ ನಕ್ಕುಬಿಟ್ಟ. ಆ ನಗುವಿನಲ್ಲಿ ಸಿಟ್ಟೂ ಇತ್ತು. ಆದರೂ ತೀರ್ಥಪ್ರಸಾದರ ಖಾಲಿ ಕಪ್ಪಿಗೆ ತನ್ನ ಚೊಂಬಿನಿಂದಲೇ ಟೀ ಬಗ್ಗಿಸಿದ.

ಉಳಿದ ತಪ್ಪು ನನ್ನ ಪಾಲಿನದು. ಗೋಡೌನಿನ ಬಾಗಿಲ ಬಳಿಯ ನಾಲ್ಕು ಮೂಟೆಗೆ ಮಾತ್ರ ಚುಚ್ಚಿ ತೇವ ನೋಡಿದ್ದೆ, ಒಳಗಿನದಕ್ಕೆ ಕೈ ಹಾಕಿರಲಿಲ್ಲ. ಅಂದು ಶ್ವೇತಳಿಗೆ ಜ್ವರ, ಬೇಗ ಮನೆಗೆ ಹೋಗಬೇಕಿತ್ತು. ಕಾರಣ ಹೇಳಲಿಲ್ಲ, ಮಾಡಿದ್ದನ್ನಷ್ಟೇ ಹೇಳಿದೆ.

ಮೊದಲ ಮಾದರಿಗೆ ಸಿಪ್ಪೆ ತೆಗೆದದ್ದು ಹತ್ತೇ ಮೂಟೆ. ಇನ್ನೂ ಮೂವತ್ತು ಗೋಡೌನಿನಲ್ಲಿ ಸಿಪ್ಪೆಯೊಳಗೇ ಇದ್ದವು. ಮಧ್ಯಾಹ್ನವೇ ಎಲ್ಲವನ್ನೂ ಬಿಚ್ಚಿದೆವು. ಕೆಂಪಣ್ಣ ಕಚ್ಚಿ ನೋಡಿದ, ನಾನು ಮೀಟರ್ ಹಿಡಿದೆ. ಎರಡು ಮೂಟೆಯಲ್ಲಿ ಮೀಟರ್ ಸರಿ ಎಂದಿತು, ಅವನು ತಲೆ ಅಲ್ಲಾಡಿಸಿದ. ತಳದಿಂದ ಬೀಜ ತೆಗೆದು ಮತ್ತೆ ಅಳೆದೆ. ಅವನದೇ ಸರಿ; ಆ ಐದು ಮೂಟೆಗೆ ಒತ್ತಿಕೊಂಡಿದ್ದು ಇವಕ್ಕೂ ತೇವ ತಗುಲಿತ್ತು. ಎರಡನ್ನೂ ಎರಡು ದಿನ ಬಿಸಿಲಿಗೆ ಹರವಿದೆವು. ತೀರ್ಥಪ್ರಸಾದ್ ಮಿಷನ್ ಪೂರ್ತಿ ತೊಳೆಸಿ, ಹಳೆಯ ಬೀಜದ ಚೂರೂ ಉಳಿಯದಂತೆ ಊದಿಸಿದರು. ವನಜಮ್ಮನಿಗೆ ಕಪ್ಪು ಕಾಳಿನ ಜೊತೆ ಬೆರಳಿಗೆ ತಣ್ಣಗೆ ಹತ್ತಿದ್ದನ್ನೂ ಆರಿಸಿ ತೆಗೆಯಲು ಹೇಳಿದೆ.

ಗುರುವಾರ ಲ್ಯಾಬಿನಲ್ಲಿ ನಾಲ್ವರೂ ರುಚಿ ನೋಡಿದೆವು. ಚಮಚದಿಂದ ಸುರ್ರೆಂದು ಎಳೆಯಬೇಕು ಎಂದು ತೋರಿಸಿಕೊಟ್ಟೆ.

“ನಮ್ಮತ್ತೆ ಹಿಂಗೆ ಕುಡಿದ್ರೆ ನಾನು ಬೈತಿದ್ದೆ” ಎಂದ ವನಜಮ್ಮ ಎಲ್ಲರಿಗಿಂತ ಜೋರಾಗಿ ಎಳೆದರು. ಆಮೇಲೆ ಚಮಚ ಕೆಳಗಿಟ್ಟು, “ಬೆಲ್ಲದ್ ಪಾಕದ ಹಂಗೈತೆ” ಎಂದರು. ವರದಿಯಲ್ಲಿ ಹಾಗೆಯೇ ಬರೆದೆ. ಶುಕ್ರವಾರ ಮಾದರಿ ಹೋಯಿತು.

ಉತ್ತರಕ್ಕೆ ಹನ್ನೊಂದು ದಿನ ಹಿಡಿಯಿತು. ಕಾಫಿ ಸ್ವಚ್ಛವಾಗಿದೆ, ಮೂವತ್ತು ಮೂಟೆ ಕಳಿಸಿ, ಮುಂದಿನ ವರ್ಷದ ಮಾತು ಆಮೇಲೆ ಆಡೋಣ ಎಂದಿತ್ತು. ನಾಣಯ್ಯನವರು ಎರಡು ಸಲ ಓದಿದರು. “ಹಾಸನದ ಮಾತು ಮುಂದಿನ ಕುಯ್ಲಿನ ತನಕ ಬೇಡ” ಎಂದರು. ಅಷ್ಟು ಸಾಕಾಗಿತ್ತು ನನಗೆ.

ಈಗಲೂ ಕೆಂಪಣ್ಣನಿಗೂ ತೀರ್ಥಪ್ರಸಾದರಿಗೂ ವಾರಕ್ಕೊಂದು ಜಗಳ ಆಗುತ್ತದೆ. ಆದರೆ ಅದು ಟೀ ಹೊತ್ತಿನಲ್ಲಿ, ಎಲ್ಲರ ಮುಂದೆಯೇ ಆಗುತ್ತದೆ.

ನಿನ್ನೆ ವನಜಮ್ಮ ಲ್ಯಾಬಿನ ಬಾಗಿಲಿಗೆ ಬಂದರು. ಮುಷ್ಟಿ ಮುಚ್ಚಿತ್ತು.

“ನಮ್ ಕೆಲ್ಸ ಅಲ್ಲ ಮೇಡಂ. ಆದ್ರೂ ಒಸಿ ನೋಡಿ.”

ನಾನು ಬರೆಯುತ್ತಿದ್ದುದನ್ನು ಬಿಟ್ಟು ಎದ್ದೆ. ಅವರ ಕೈಯಿಂದ ನನ್ನ ಕೈಗೆ ಬೀಜ ಸುರಿಸಿಕೊಂಡು ಮುಟ್ಟಿ ನೋಡಿದೆ. ಜಾರಲಿಲ್ಲ.

“ಬನ್ನಿ” ಎಂದೆ. ಇಬ್ಬರೂ ಕೆಂಪಣ್ಣನನ್ನು ಕೂಗುತ್ತ ಕಣದ ಕಡೆ ನಡೆದೆವು.