ಹನ್ನೆರಡನೇ ಸಾವು

ಮೂರು ದಿನಗಳಲ್ಲಿ ಅಕ್ಕ ತನ್ನ ಸ್ವಂತ ತಮ್ಮನನ್ನು ಹನ್ನೊಂದು ಸಲ ಕೊಂದಿದ್ದಳು. ಕತ್ತು ಮುರಿದು ಎರಡು ಸಲ, ಹೊಟ್ಟೆಗೆ ಈಟಿ ಹಾಕಿ ಒಂದು ಸಲ, ತಲೆಯನ್ನು ಗೋಡೆಗೆ ಅಪ್ಪಳಿಸಿ ಮೂರು ಸಲ, ಉಳಿದದ್ದೆಲ್ಲ ದೊಣ್ಣೆಯಿಂದ. ಪ್ರತಿ ಸಲವೂ ಅವನು ಒದ್ದಾಡಿ, ನಡುಗಿ, ತಣ್ಣಗಾಗಿ, ಆಮೇಲೆ ಎದ್ದು ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

ಅದು ಅವರ ಕಸುಬು. ಅಪ್ಪ ಸಿನಿಮಾಗಳಲ್ಲಿ ಹೊಡೆದಾಟ ಮಾಡುತ್ತಿದ್ದವನು. ಮಗಳಿಗೆ ಹೊಡೆಯುವುದನ್ನೂ ಮಗನಿಗೆ ಬೀಳುವುದನ್ನೂ ಕಲಿಸಿ ಕಣ್ಣು ಮುಚ್ಚಿದ್ದ. ಸಿನಿಮಾದ ಕೆಲಸ ಕಡಿಮೆಯಾದ ಮೇಲೆ ಅಕ್ಕ–ತಮ್ಮ ವಿಡಿಯೋ ಗೇಮ್ ಮಾಡುವವರ ಬಳಿ ಬಂದಿದ್ದರು. ಮೈಗಂಟಿದ ಕಪ್ಪು ಬಟ್ಟೆ, ಅದರ ತುಂಬ ಬಿಳಿ ಗುಂಡಿಗಳು, ಸುತ್ತಲೂ ಕ್ಯಾಮೆರಾಗಳು. ಇವರು ಆಡಿದ್ದನ್ನೆಲ್ಲ ಕಂಪ್ಯೂಟರ್ ಹಿಡಿದಿಟ್ಟುಕೊಂಡು ಆಟದೊಳಗಿನ ಬೊಂಬೆಗಳಿಗೆ ತೊಡಿಸುತ್ತಿತ್ತು. ಈ ಗೇಮಿನ ನಾಯಕ ಪೊದೆಮೀಸೆಯ ದೈತ್ಯ. ಅವನ ನಡಿಗೆ, ಅವನ ಏಟು ಎಲ್ಲ ಅಕ್ಕನದು. ಅವನ ಕೈಯಲ್ಲಿ ಸಾಯುವ ಅಷ್ಟೂ ಜನ ಅವಳ ತಮ್ಮ. "ನಲವತ್ತು ದಾಟಿದ ಮೇಲೆ ನಿಂಗೆ ಮೀಸೆ ಬಂತು ನೋಡು" ಎಂದು ತಮ್ಮ ನಗುತ್ತಿದ್ದ.

ಮೂರು ವಾರದ ಕೆಲಸವನ್ನು ಮೂರು ದಿನದಲ್ಲಿ ಮುಗಿಸಬೇಕಿತ್ತು. ಗೇಮ್ ಯಾವ ದಿನ ಅಂಗಡಿಗೆ ಬರುತ್ತದೆ ಎಂದು ಕಂಪನಿಯ ಯಜಮಾನ ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದ. ಅವನು ಮೆತ್ತಗಿನ ಮಾತಿನ ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ. ಹೆಗಲ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ, ತನಗೆ ಬೇಕಾದ್ದನ್ನು ಮಾಡಿಸಿಕೊಳ್ಳುತ್ತಿದ್ದ.

ಹನ್ನೆರಡನೇ ಸಾವು ಕಡೆಯ ಶತ್ರುವಿನದು. ಎರಡಾಳು ಎತ್ತರದ ಅಟ್ಟಣೆಯ ತುದಿಯಲ್ಲಿ ತಮ್ಮ ನಿಲ್ಲಬೇಕು, ಅಕ್ಕ ಎದೆಗೆ ದೊಣ್ಣೆ ಬೀಸಬೇಕು, ಅವನು ಬೆನ್ನು ಕೆಳಗಾಗಿ ಬೀಳಬೇಕು. ಕೆಳಗೆ ನಾಲ್ಕು ದಪ್ಪ ಫೋಮ್ ಹಾಸುಗಳನ್ನು ಒಂದರ ಮೇಲೊಂದು ಹಾಕಿ ಕಟ್ಟಿರಬೇಕು. ಅಕ್ಕ ಮೇಲೆ ಹತ್ತಿ ನೋಡಿದರೆ ಎರಡೇ ಇದ್ದವು, ಅವೂ ಅಕ್ಕಪಕ್ಕ. ಉಳಿದೆರಡನ್ನು ಪಕ್ಕದ ಶೂಟಿಂಗ್ ಹಾಲ್‌ನವರು ಎಳೆದುಕೊಂಡು ಹೋಗಿದ್ದರು.

"ಆಗಲ್ಲ ಸಾರ್" ಎಂದಳು.

"ಮೇಡಂ, ಈ ಹಾಲ್ ನಮಗೆ ಒಂದು ಗಂಟೆವರೆಗೆ ಮಾತ್ರ" ಎಂದ ಯಜಮಾನ. "ಆಮೇಲೆ ಸಿಗೋದು ಇಪ್ಪತ್ತು ದಿನ ಬಿಟ್ಟು. ಡೇಟ್ ತಪ್ಪಿದ್ರೆ ಆಟವೇ ಇರಲ್ಲ. ನೀವು ಮಾಡಿದ ಕೆಲಸ ಎಲ್ಲಾ ಕಸ. ನಿಮಗೆ ಗೊತ್ತಿಲ್ಲದ್ದೇನಿದೆ."

ತಮ್ಮ ಆಗಲೇ ತುದಿಯಲ್ಲಿ ನಿಂತು ಕಾಲು ಹೊಂದಿಸಿಕೊಳ್ಳುತ್ತಿದ್ದ. "ಅಕ್ಕಾ, ಒಂದೇ ಸಲ. ಹೊಡಿ, ಬೀಳ್ತೀನಿ, ಮನೆಗೆ ಹೋಗಿ ಊಟ ಮಾಡೋಣ."

ಅಕ್ಕ ಹಾಸನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು. ಆಮೇಲೆ ದೊಣ್ಣೆ ಬೀಸಿದಳು.

ಅವನು ಬಿದ್ದ ರಭಸಕ್ಕೆ ಎರಡು ಹಾಸುಗಳೂ ಅತ್ತಿತ್ತ ಜಾರಿದವು. ನಡುವೆ ಬಾಯಿ ತೆರೆದ ಸಿಮೆಂಟ್ ನೆಲಕ್ಕೆ ಅವನ ಸೊಂಟ ಬಡಿಯಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಕೈಗಳು ನೆಲವನ್ನು ಪರಚಿದವು, ಬಾಯಿ ತೆರೆಯಿತು, ಕೂಗು ಮಾತ್ರ ಹೊರಡಲಿಲ್ಲ. ಕಾಲುಗಳು ಅವನವಲ್ಲವೆಂಬಂತೆ ಒಂದರ ಮೇಲೊಂದು ಬಿದ್ದಿದ್ದವು. ಯಜಮಾನ ಇನ್ನೂ ಪರದೆಯನ್ನೇ ನೋಡುತ್ತಿದ್ದ. ಮೊದಲು ಓಡಿಬಂದವಳು ಟೆಸ್ಟರ್ ಹುಡುಗಿ. ಆಟದಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದು ಅವಳ ಕೆಲಸ; ಆ ದಿನ ಜನ ಸಾಲದೆ ಅವಳನ್ನೂ ಹಾಲ್‌ಗೆ ಕರೆತಂದಿದ್ದರು. ಅವಳು ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಅಲ್ಲಾಡಬೇಡಿ ಅಣ್ಣ, ಅಲ್ಲಾಡಬೇಡಿ" ಎನ್ನುತ್ತಲೇ ಇದ್ದಳು. ಅಕ್ಕ ಅಟ್ಟಣೆಯ ಮೇಲೆ ದೊಣ್ಣೆ ಹಿಡಿದು ನಿಂತೇ ಇದ್ದಳು. ಇಳಿಯುವ ಏಣಿ ಯಾವ ಕಡೆಗಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ತಮ್ಮನ ಸೊಂಟದ ಕೆಳಗೆ ಮತ್ತೆ ಜೀವ ಬರಲಿಲ್ಲ. ಯಜಮಾನ ಆಸ್ಪತ್ರೆಗೆ ಬಂದ, ಹಣ್ಣು ತಂದ, ಕಣ್ಣು ಒರೆಸಿಕೊಂಡ. "ಆ ಶಾಟ್ ಬಳಸಲ್ಲ ಮೇಡಂ. ಬಳಸಿದ್ರೆ ನಾನು ಮನುಷ್ಯನಲ್ಲ" ಎಂದ.

ಎಂಟು ತಿಂಗಳಾದ ಮೇಲೆ ಗೇಮ್ ಬಂತು.

ಬಂದ ವಾರವೇ ಟೆಸ್ಟರ್ ಹುಡುಗಿ ಮನೆಗೆ ಬಂದಳು. ತಮ್ಮ ಒಳಗೆ ಮಲಗಿದ್ದ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತನ್ನನ್ನು ಕೆಲಸದಿಂದ ತೆಗೆದರೆಂದು ಹೇಳಿದಳು.

"ಎರಡು ಸಾವಿರ ತಪ್ಪು ಬರೆದುಕೊಟ್ಟಿದ್ದೆ ಅಕ್ಕಾ. ಗೋಡೆಯೊಳಗೆ ಕೈ ಹೋಗುತ್ತೆ, ಸತ್ತವರು ಗಾಳಿಯಲ್ಲಿ ನಿಲ್ತಾರೆ, ಕುದುರೆಗೆ ತಲೇನೇ ಇರಲ್ಲ. ಎಲ್ಲಾ ಗೊತ್ತಿದ್ದೇ ಗೇಮ್ ಬಿಟ್ರು."

"ಗೊತ್ತಿದ್ದೂ ಯಾಕೆ ಬಿಡ್ತಾರೆ?"

"ಜಾಹೀರಾತು ಆಗಲೇ ಹೋಗಿತ್ತು. ದುಡ್ಡು ಹಾಕಿದವರು ತಲೆ ಮೇಲೆ ಕೂತಿದ್ರು. ತಿಂಗಳು ತಡ ಮಾಡಿದ್ರೆ ಬೈಗುಳ ಯಜಮಾನರಿಗೆ, ಕೆಟ್ಟದ್ದನ್ನ ಬಿಟ್ರೆ ಬೈಗುಳ ನಮ್ಮಂಥೋರಿಗೆ. ಆಮೇಲೆ ಸರಿ ಮಾಡೋಣ ಅಂತ ಬಿಟ್ಟುಬಿಡ್ತಾರೆ."

"ವಿಮರ್ಶೆ ಬರೆಯೋರು ಸುಮ್ನೆ ಇರ್ತಾರಾ?"

"ಗೇಮ್ ಬರೋ ಬೆಳಗಿನವರೆಗೆ ಏನೂ ಬರೆಯಲ್ಲ ಅಂತ ಸಹಿ ಹಾಕಿಸ್ಕೊಂಡು ಅವರ ಬಾಯಿಗೆ ಬೀಗ ಹಾಕಿರ್ತಾರೆ. ಹತ್ತಕ್ಕೆ ಇಷ್ಟು ಅಂತ ಅವರು ಕೊಡೋ ಸ್ಕೋರ್ ಬರೋ ಹೊತ್ತಿಗೆ ಅರ್ಧ ಜನ ಕೊಂಡಾಗಿರುತ್ತೆ." ಹುಡುಗಿ ಲೋಟವನ್ನು ತಿರುಗಿಸುತ್ತ ಕೂತಳು. ಹೇಳಬೇಕಾದ್ದು ಇನ್ನೂ ಇತ್ತು. ಕಡೆಗೆ ಫೋನ್ ತೆಗೆದು ಅಕ್ಕನ ಮುಂದಿಟ್ಟಳು.

ಹೊಸ ಜಾಹೀರಾತು. ಅಟ್ಟಣೆಯ ಜಾಗದಲ್ಲಿ ಕೋಟೆಯ ಗೋಡೆ, ತಮ್ಮನ ಮುಖದ ಜಾಗದಲ್ಲಿ ಗಡ್ಡದ ಸೇನಾಪತಿ. ದೈತ್ಯ ಬೀಸುತ್ತಾನೆ, ಸೇನಾಪತಿ ಬೀಳುತ್ತಾನೆ. ಸೊಂಟ ಬಡಿದ ರೀತಿ, ನೆಲ ಪರಚಿದ ಬೆರಳು, ಒಂದರ ಮೇಲೊಂದು ಬಿದ್ದ ಕಾಲು. ಮೇಲೆ ದೊಡ್ಡ ಅಕ್ಷರಗಳಲ್ಲಿ ಒಬ್ಬ ವಿಮರ್ಶಕನ ಮಾತು: 'ಇಷ್ಟು ನಿಜವಾದ ಸಾವನ್ನು ಯಾವ ಆಟದಲ್ಲೂ ನೋಡಿಲ್ಲ.'

ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಅಕ್ಕ ಏಳಲಿಲ್ಲ.

ಮರುದಿನ ಬೆಳಗ್ಗೆ ಅವಳು ಹುಡುಗಿಯಿಂದ ವಿಳಾಸ ಕೇಳಿ ವಿಮರ್ಶಕನ ಮನೆ ಹುಡುಕಿಕೊಂಡು ಹೋದಳು. ಹೊಡೆಯಲೆಂದೇ ಹೋದಳು. ಬಾಗಿಲು ತೆಗೆದವನು ಬನಿಯನ್ ತೊಟ್ಟ ಬಡಕಲು ಮನುಷ್ಯ. ಆಟ ಆಡಿ ಆಡಿ ನೊಂದ ಬಲಗೈಗೆ ಪಟ್ಟಿ, ಎಡಗಂಕುಳಲ್ಲಿ ಮೂಗು ಸುರಿಸುವ ಮಗು. ಅವಳು ಬಾಗಿಲ ಚೌಕಟ್ಟಿಗೆ ಗುದ್ದಿದಳು. ಮರ ಸೀಳಿತು, ಮಗು ಕಿಟಾರನೆ ಕಿರುಚಿತು.

"ನೀನು ಮೆಚ್ಚಿದ ಸಾವು ನನ್ನ ತಮ್ಮಂದು" ಎಂದಳು. "ಅವನು ನಿಜವಾಗಿ ಬಿದ್ದದ್ದು. ಈಗ ಕಾಲಿಲ್ಲ."

ಅವನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ. "ನಾನು ಹತ್ತಕ್ಕೆ ನಾಲ್ಕು ಕೊಟ್ಟೆ ಅಮ್ಮಾ. ಎರಡು ಪುಟ ಬೈದಿದ್ದೆ. ಅವರು ಅದರಲ್ಲಿ ಒಂದು ಸಾಲು ಕಿತ್ಕೊಂಡ್ರು."

"ನಾಲ್ಕು ಕೊಟ್ರೆ ಏನಾಯ್ತು? ಮಾರಾಟ ನಿಂತಿತಾ?"

"ಇಲ್ಲ." ಅವನು ಮಗುವಿನ ಬೆನ್ನು ತಟ್ಟುತ್ತಲೇ ಇದ್ದ. "ಒಂಬತ್ತು ಕೊಟ್ರೆ ಅದನ್ನ ಗೇಮಿನ ಡಬ್ಬಿ ಮೇಲೆ ಹಾಕ್ತಾರೆ. ನಾಲ್ಕು ಕೊಟ್ರೆ ಕೆಲಸದವರನ್ನ ತೆಗೀತಾರೆ. ನನ್ನ ನಂಬರಿನಿಂದ ಯಜಮಾನರಿಗೆ ನೋವಾಗಿದ್ದು ನಾನಂತೂ ನೋಡಿಲ್ಲ."

ಅವನನ್ನು ಹೊಡೆಯುವ ಮನಸ್ಸು ಅಷ್ಟಕ್ಕೇ ಹೋಯಿತು. ಸಿಟ್ಟು ಹೋಗಲಿಲ್ಲ. ಗೆಣ್ಣಿನಿಂದ ಸಿಬಿರು ಕಿತ್ತು ಬಿಸಾಡಿ, ಅವಳು ಸೀದಾ ಕಂಪನಿಯ ಕಚೇರಿಗೆ ಬಸ್ ಹತ್ತಿದಳು.

ಕಚೇರಿಯಲ್ಲಿ ಅರ್ಧ ಮೇಜುಗಳು ಖಾಲಿಯಾಗಿದ್ದವು. ಯಜಮಾನ ಗಾಜಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ಕುರ್ಚಿ ತೋರಿಸಿದ.

"ಬಳಸಲ್ಲ ಅಂದಿದ್ರಿ."

"ಬೇರೆ ಇರಲಿಲ್ಲ ಮೇಡಂ. ಅದಿಲ್ದೆ ಕಡೇ ಹಂತ ಮುಗಿಯಲ್ಲ."

"ತೆಗೀರಿ."

"ಹೇಗೆ ತೆಗೀಲಿ, ನೀವೇ ಹೇಳಿ. ಇಡೀ ಆಟದಲ್ಲಿ ಜನ ಒಪ್ಪಿರೋದು ಅದೊಂದನ್ನೇ." ಅವನು ಮೇಜು ಸುತ್ತಿ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ, ತಲೆ ಓರೆ ಮಾಡಿದ. "ಇದು ನಿಮ್ಮ ತಮ್ಮನಿಗೆ ಗೌರವ ಅಂದ್ಕೊಳ್ಳಿ."

ಮೂವತ್ತು ವರ್ಷ ಅಕ್ಕ ಹೊಡೆದದ್ದೆಲ್ಲ ಸುಳ್ಳು ಏಟು. ಈಗ ಕೈ ನಿಲ್ಲಲಿಲ್ಲ. ಮೊದಲ ಗುದ್ದಿಗೆ ಅವನ ದವಡೆ ಪಕ್ಕಕ್ಕೆ ಸರಿಯಿತು; ಎರಡು ಹಲ್ಲು, ಎಂಜಲು, ರಕ್ತ ಗಾಜಿನ ಗೋಡೆಗೆ ಸಿಡಿದವು. ಎರಡನೆಯದು ಪಕ್ಕೆಗೆ. ಅವನು ಬಾಗಿದಾಗ ಮೊಣಕಾಲು ಮೂಗಿಗೆ. ಅವನಿಗೆ ಬೀಳಲು ಬರುತ್ತಿರಲಿಲ್ಲ. ಹಿಮ್ಮಡಿ ತಿರುಗಿ ತಲೆ ಮೇಜಿನ ಮೂಲೆಗೆ ಹೋಗುತ್ತಿರುವುದು ಅಕ್ಕನ ಕಣ್ಣಿಗೆ ಬಿತ್ತು, ಅಷ್ಟರಲ್ಲಿ ಕೈ ತಾನಾಗಿಯೇ ಅವನ ಕಾಲರ್ ಹಿಡಿದು ಎಳೆದು ಮೂಲೆ ತಪ್ಪಿಸಿತು. ನೆಲಕ್ಕೆ ಇಳಿಸಿದಳು. ಇಳಿಸಿ ಮತ್ತೆ ಹೊಡೆದಳು. ಅವನು ಮುಖ ಮುಚ್ಚಿಕೊಂಡ ಬೆರಳುಗಳ ಮೇಲೆ, ಬೆರಳು ಮುರಿದ ಮೇಲೆ ಹೆಗಲಿನ ಮೇಲೆ. "ಎರಡೇ ಹಾಸು" ಎಂದು ಒಂದೊಂದು ಗುದ್ದಿಗೂ ಒಮ್ಮೆ ಹೇಳುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳೋ ಅವಳಿಗೇ ತಿಳಿಯದು. ಉಳಿದಿದ್ದ ಕೆಲಸದವರು ಗಾಜಿನ ಆಚೆ ನಿಂತು ನೋಡುತ್ತಿದ್ದರು; ಬಹಳ ಹೊತ್ತು ಯಾರೂ ಬಾಗಿಲು ತೆಗೆಯಲಿಲ್ಲ. ಕಡೆಗೆ ನಾಲ್ಕು ಜನ ಒಳನುಗ್ಗಿ ಎಳೆದಾಗ ಅವಳ ಬಲಗೈಯಲ್ಲೂ ಎರಡು ಬೆರಳು ಮುರಿದಿದ್ದವು.

ಎರಡು ದಿನ ಪೊಲೀಸರ ಬಳಿ ಇದ್ದು, ಜಾಮೀನಿನ ಮೇಲೆ ಮನೆಗೆ ಬಂದಳು. ಟೆಸ್ಟರ್ ಹುಡುಗಿ ಅಲ್ಲೇ ಇದ್ದು ತಮ್ಮನನ್ನು ನೋಡಿಕೊಂಡಿದ್ದಳು. ಅವನು ದಿಂಬಿಗೆ ಒರಗಿ ಕೂತಿದ್ದ, ಎದುರು ಟಿವಿಯಲ್ಲಿ ಅದೇ ಗೇಮ್. ಅಕ್ಕ ಹೊಸ್ತಿಲು ದಾಟುತ್ತಿದ್ದಂತೆ ಕೈಯಲ್ಲಿದ್ದ ಕಂಟ್ರೋಲರನ್ನು ಅವಳ ಮುಖಕ್ಕೆ ಎಸೆದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು.

"ಯಾರನ್ನ ಕೇಳಿ ಹೋದೆ?"

"ಅದನ್ನ ತೆಗಿ ಅಂತ ಹೇಳೋಕೆ..."

"ಯಾರನ್ನ ಕೇಳಿ ತೆಗಿ ಅಂದೆ?" ಅವನು ಟಿವಿಯತ್ತ ಕೈ ತೋರಿಸಿದ. "ಹನ್ನೊಂದು ಸಾವು ಹಾಳು ಮಾಡಿದ್ದಾರೆ. ಒಂದರಲ್ಲಿ ತಲೆ ಹಿಂದುಮುಂದು, ಒಂದರಲ್ಲಿ ಕೈ ಬಂಡೆಯೊಳಗೆ. ನಾನು ಮಾಡಿದ್ದರಲ್ಲಿ ನೆಟ್ಟಗೆ ಉಳಿದಿರೋದು ಅದೊಂದೇ. ದಿನಾ ನೋಡ್ತೀನಿ."

"ಅದು ಕೆಲಸ ಅಲ್ವೋ. ನಿನ್ನ ಸೊಂಟ ಮುರಿದಿದ್ದು."

"ನನ್ನ ಸೊಂಟ. ನಿಂದಲ್ಲ."

ಅಕ್ಕ ಸೆರಗಿನಿಂದ ಹುಬ್ಬು ಒತ್ತಿಕೊಂಡು ನೆಲದ ಮೇಲೆ ಕೂತಳು. ಎಂಟು ತಿಂಗಳಿಂದ ಬಾಯಿಗೆ ಬಾರದಿದ್ದ ಮಾತು ಬಂತು. "ಆಗಲ್ಲ ಅಂತ ಹೇಳಿ ಸುಮ್ನೆ ಕೆಳಗೆ ಇಳಿದುಬಿಡಬೇಕಿತ್ತು. ಹೊಡೆದವಳು ನಾನು."

"ಗೊತ್ತು" ಎಂದ ತಮ್ಮ. "ಹೊಡಿ ಅಂದವನು ನಾನು. ಅದನ್ನ ಅವನ ಹಲ್ಲು ಉದುರಿಸಿ ತೀರಿಸ್ಕೋಬಹುದು ಅಂದ್ಕೊಂಡ್ಯಾ?"

ಟೆಸ್ಟರ್ ಹುಡುಗಿ ಹತ್ತಿ ತಂದು ಸದ್ದಿಲ್ಲದೆ ಅಕ್ಕನ ಹುಬ್ಬಿಗೆ ಒತ್ತಿದಳು.

ಮುಂದೆ ಆದದ್ದು ಇಷ್ಟು. ವಿಮರ್ಶಕ ತಮ್ಮನ ಬಳಿ ಬಂದು, ಅವನ ಒಪ್ಪಿಗೆ ಪಡೆದು, ನಡೆದದ್ದನ್ನೆಲ್ಲ ಬರೆದ. ಓದಿದವರು ಹಲುಬಿದರು, ಯಜಮಾನನಿಗೆ ಶಾಪ ಹಾಕಿದರು, ಮತ್ತು ಆ ಬೀಳುವುದನ್ನು ಕಣ್ಣಾರೆ ನೋಡಲೆಂದು ಗೇಮ್ ಕೊಂಡರು. ಒಂದು ವಾರ ಮಾರಾಟ ಏರಿತು. ಸ್ಕೋರ್ ನಾಲ್ಕೇ ಉಳಿಯಿತು. ತಮ್ಮ ತನ್ನ ಸಾವನ್ನು ತೆಗೆಯಬಾರದೆಂದೂ, ತನ್ನ ಹೆಸರನ್ನು ಆಟದ ಮೊದಲಿಗೇ ಹಾಕಬೇಕೆಂದೂ ಕಂಪನಿಗೆ ಬರೆದ. ಜನರ ಬಾಯಿಗೆ ಹೆದರಿ ಹಾಕಿದರು. ದವಡೆಗೆ ತಂತಿ ಕಟ್ಟಿಸಿಕೊಂಡ ಯಜಮಾನ ಕೋರ್ಟಿನಲ್ಲಿ ಹೇಳಿಕೆಯನ್ನು ಬರೆದುಕೊಟ್ಟ. ಅಕ್ಕನಿಗೆ ಮೂರು ತಿಂಗಳ ಜೈಲಾಯಿತು.

ಎರಡನೇ ತಿಂಗಳು ತಮ್ಮ ಜೈಲಿಗೆ ನೋಡಲು ಬಂದ. ಗಾಲಿಕುರ್ಚಿ ತಳ್ಳಿಕೊಂಡು ಬಂದವಳು ಟೆಸ್ಟರ್ ಹುಡುಗಿ; ಅವಳು ಬಾಗಿಲ ಬಳಿಯೇ ನಿಂತಳು. ಅಕ್ಕ–ತಮ್ಮ ಮೇಜಿನ ಆಚೆ ಈಚೆ ಕೂತರು.

"ಗೇಮಿನ ಎರಡನೇ ಭಾಗ ಮಾಡ್ತಾರಂತೆ" ಎಂದ ತಮ್ಮ. "ಡೇಟ್ ಕೂಡ ಹೇಳಾಯ್ತು."

"ಮಾಡ್ಲಿ ಬಿಡು. ಬೆನ್ನಿಗೆ ಹುಣ್ಣಾಗಿದ್ಯಾ?"

"ಇಲ್ಲ."

"ಮಗ್ಗುಲು ಯಾರು ತಿರುಗಿಸ್ತಾರೆ?"

"ನಾನೇ ತಿರುಗ್ತೀನಿ. ಮಂಚದಿಂದ ಕುರ್ಚಿಗೂ ನಾನೇ. ಕಲಿತೆ."

"ಹೇಗೆ? ತೋರ್ಸು."

ಅವನು ಕುರ್ಚಿಯ ಕೈಗಳನ್ನು ಹಿಡಿದು ಹಲ್ಲು ಕಚ್ಚಿ ಮೈಯನ್ನು ಮೇಲೆತ್ತಿದ. ತೋಳು ನಡುಗಿದವು, ಕತ್ತಿನ ನರ ಉಬ್ಬಿತು. ಅಕ್ಕ ಮುಂದೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಎಡಗೈ ಇನ್ನೂ ಹಿಂದಕ್ಕೆ ಇಡು" ಎಂದಳು. "ಭಾರ ಎಲ್ಲಾ ಮಣಿಕಟ್ಟಿನ ಮೇಲೆ ಬೀಳ್ತಿದೆ."

ಅವನು ಕೈಯನ್ನು ಹಿಂದಕ್ಕೆ ಸರಿಸಿ, ಮತ್ತೊಮ್ಮೆ ಎತ್ತಿದ.