ಕರಬೂಜದ ಉಸಿರು

ಗುಡಾರದ ಕೊನೆಯ ಕಂಬಳಿಯನ್ನು ಗಂಡಸರು ಹಗ್ಗ ಹಾಕಿ ಎಳೆಯುತ್ತಿರುವಾಗಲೇ ಬುರುಲ್ ಅವರ ಕಂಕುಳಡಿ ನುಸುಳಿ ಒಳಗೆ ಹೋದಳು. ಕೈಯಲ್ಲಿ ಗಂಡನ ಕುರಿದೊಗಲಿನ ಕೋಟು. ಜಾಲರಿ ಗೋಡೆಗೆ ಅದನ್ನು ತೂಗುಹಾಕಿ, ಭುಜ ಸರಿಮಾಡಿ, ಮೇಲೆ ಅವನ ಬಿಳಿ ಟೊಪ್ಪಿಗೆ ಇಟ್ಟಳು. ಬದುಕಿದ್ದಾಗ ಒಂದು ದಿನವೂ ಇಷ್ಟು ನೆಟ್ಟಗೆ ನಿಂತವನಲ್ಲ ಎಂದುಕೊಂಡಳು. ಕೋಟಿನ ಪಕ್ಕದಲ್ಲೇ, ಪರದೆಯ ಹಿಂದೆ, ಗಂಡ ಕುಬಾತ್ ಅಂಗಾತ ಮಲಗಿದ್ದ.

ಕೊಚ್ಕೋರ್ ಕಣಿವೆಯಲ್ಲಿ ಸತ್ತವರನ್ನು ಇಟ್ಟಿಗೆ ಮನೆಯಲ್ಲಿ ಇಡುವುದಿಲ್ಲ. ಅಂಗಳದಲ್ಲಿ ಗುಡಾರ ಎದ್ದರೇನೇ ಸಾವು ಸಾವಾಗುವುದು. ಹೆಣ ಇರುವ ತನಕ ಅದರೊಳಗೆ ಬೆಂಕಿ ಹಾಕುವ ಹಾಗಿಲ್ಲ. ಆ ದಿನದ ಚಳಿ ಎಂಥದೆಂದರೆ, ಸುರಿದ ಚಹಾ ಬಟ್ಟಲು ಮುಟ್ಟುವ ಮೊದಲೇ ನಡುದಾರಿಯಲ್ಲಿ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಗೋಡೆಗೆ ಮುಖ ಮಾಡಿ ಹಾಡಿ ಅಳಲು ಕೂತ ಹೆಂಗಸರ ಬಾಯಿಂದ ಹಾಡಿಗಿಂತ ಮೊದಲು ಹಬೆ ಹೊರಡುತ್ತಿತ್ತು.

ಮಗಳು ಜಿಪಾರ್ ರಾಜಧಾನಿ ಬಿಷ್ಕೆಕ್‌ನಿಂದ ಬಾಡಿಗೆ ಕಾರಿನಲ್ಲಿ ಬಂದಿಳಿದಳು. ಅಂಗಳದ ಬಾಗಿಲಲ್ಲೇ “ಅಪ್ಪಾ” ಎಂದು ದನಿ ತೆಗೆದು, ರೂಢಿಯಂತೆ ಅಳುತ್ತಲೇ ಗುಡಾರದತ್ತ ಓಡಿದಳು. ಗುಡಾರದ ಬಾಯಲ್ಲಿ ಕುಬಾತನ ಅಣ್ಣ ಎಸೆಂಗುಲ್ ಕೋಲೂರಿ ನಿಂತಿದ್ದ. ಆ ಕೋಲನ್ನೇ ಅಡ್ಡ ಹಿಡಿದ.

“ನೀನು ಒಳಗೆ ಬೇಡ,” ಅಂದ. “ನೀನು ತಂದ್ಕೊಟ್ಟಿದ್ದೇ ಅವನನ್ನ ತಿಂತು. ಅಲ್ಲಿ ಎಣ್ಣೆ ಕಾಯ್ತಾ ಇದೆ. ಹೋಗಿ ರೊಟ್ಟಿ ಕರಿ.”

“ದೊಡ್ಡಪ್ಪ, ಅಪ್ಪನ ಹತ್ರ ಕೂತು ಒಂದ್ಸಲ ಹಾಡ್ಕೊಂಡು ಅತ್ಬಿಡ್ತೀನಿ.”

“ಹೆಣ ಎತ್ತುವಾಗ ದೂರದಿಂದ ನೋಡು. ಅಷ್ಟು ಸಾಕು ನಿನಗೆ.”

ಎಸೆಂಗುಲ್ ಕೆಟ್ಟವನೇನಲ್ಲ. ಸಿಗರೇಟಿನ ಬದಲು ಹಬೆ ಸೇದುವ ಬ್ಯಾಟರಿ ಕೊಳವೆಗಳು ಊರಿಗೆ ಬಂದ ಮೇಲೆ ಶಾಲೆಯ ಹಿಂಗೋಡೆ ದಿನವಿಡೀ ಮಿಠಾಯಿ ಅಂಗಡಿಯ ಹಾಗೆ ಘಮಘಮಿಸುತ್ತಿತ್ತು. ಅವನ ಮೊಮ್ಮಗಳು ಅದನ್ನು ಸೇದಿ ತರಗತಿಯಲ್ಲೇ ತಲೆ ತಿರುಗಿ ಬಿದ್ದಿದ್ದಳು. ಆ ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ಅಂದಿನಿಂದ ಅವನ ಪಾಲಿಗೆ ಆ ಕೊಳವೆ ಸೈತಾನನ ಬೆರಳು.

ಬುರುಲ್ ಒಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಅಣ್ಣನಿಗೆ ಎದುರಾಡುವ ಪದ್ಧತಿ ಅಲ್ಲಿಲ್ಲ. ಆತನ ಹೆಸರನ್ನು ಕೂಡ ಅವಳು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ಎದುರಿಗೆ ‘ಭಾವ’, ಊರವರ ಮುಂದೆ ‘ಮೇಲ್ಮನೆಯವರು’. ಹಿಂದಿನಿಂದ ಇಟ್ಟ ಅಡ್ಡಹೆಸರುಗಳನ್ನು ಹೊಲಿದು ಸೇರಿಸಿದ್ದರೆ ಇನ್ನೊಂದು ಗುಡಾರಕ್ಕೆ ಹೊದಿಸಬಹುದಿತ್ತು. ಆದರೆ ಇವತ್ತು ಒಂದೂ ನೆನಪಾಗಲಿಲ್ಲ. ಮಧ್ಯಾಹ್ನದ ನಮಾಜು ಮುಗಿದರೆ ಹೆಣ ಎತ್ತುತ್ತಾರೆ. ಮಗಳು ಪಕ್ಕದಲ್ಲಿ ಕೂತು ಹಾಡಿ ಅಳದಿದ್ದರೆ ಸತ್ತವನಿಗೆ ದಾರಿ ಕಾಣುವುದಿಲ್ಲ, ತೊಟ್ಟ ಬಟ್ಟೆಯಲ್ಲೇ ಉಳಿದುಬಿಡುತ್ತಾನೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಅತ್ತೆ ಹೇಳಿದ್ದರಲ್ಲಿ ಮುಕ್ಕಾಲು ಸುಳ್ಳು. ಉಳಿದ ಕಾಲು ಭಾಗಕ್ಕೆ ಬುರುಲ್ ಇವತ್ತಿಗೂ ಹೆದರುತ್ತಿದ್ದಳು.

*

ಕುಬಾತ್ ವ್ಯಾನು ಓಡಿಸುತ್ತಿದ್ದ. ನಾರಿನ್‌ಗೆ ಹೋಗುವ ಘಾಟಿಯ ತಿರುವುಗಳಲ್ಲಿ ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದರಲ್ಲಿ ಸಿಗರೇಟು. ವ್ಯಾನಿಗೆ ಪೆಟ್ರೋಲು ಮುಗಿದರೂ ಇವನಿಗೆ ಹೊಗೆ ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕೆಮ್ಮಿದನೆಂದರೆ ಎದುರು ಗುಡ್ಡದ ಕುರಿಗಳು ಎದ್ದು ನಿಂತು, ಕಾಯುವವನಿಗಿಂತ ಮೊದಲೇ ಮೇಯಲು ಹೊರಡುತ್ತಿದ್ದವು. ಬಿಡಲು ನೋಡದೆ ಇರಲಿಲ್ಲ. ತುಟಿಯಡಿ ಇಟ್ಟುಕೊಳ್ಳುವ ಹಸಿರು ಹೊಗೆಸೊಪ್ಪಿನ ಪುಡಿ ಹಾಕಿ ನೋಡಿದ, ವಾಂತಿಯಾಯಿತು. ಸೂರ್ಯಕಾಂತಿ ಬೀಜ ಜಗಿದ, ಮನೆ ತುಂಬ ಸಿಪ್ಪೆಯಾಯಿತು. ಬರೀ ಮನಸ್ಸು ಗಟ್ಟಿ ಮಾಡಿ ನೋಡಿದ. ಆಗ ಅವನ ಸಿಡುಕಿಗೆ ನಾಯಿ ಮನೆ ಬಿಟ್ಟು ಪಕ್ಕದ ಕಾಲಿಪಾಳ ಮನೆ ಸೇರಿತು.

ಜಿಪಾರ್ ಬಿಷ್ಕೆಕ್‌ನ ಆಸ್ಪತ್ರೆಯೊಂದರಲ್ಲಿ ಎದೆರೋಗದ ವಾರ್ಡಿನ ನರ್ಸು. ಒಂದು ಬೇಸಿಗೆ ಬಂದವಳು, ಬೆರಳುದ್ದದ ಹಸಿರು ಕೊಳವೆಯನ್ನು ಅಪ್ಪನ ಮುಂದಿಟ್ಟಳು.

“ಅಪ್ಪಾ, ನಾನು ಚಟ ಬಿಡಿಸೋಕೆ ಬಂದಿಲ್ಲ. ನಿನ್ನ ಚಟ ನಿನ್ನ ಹತ್ರಾನೇ ಇರ್ಲಿ. ಬೆಂಕಿ ಮಾತ್ರ ನನಗೆ ಕೊಡು. ಎದೆ ಸುಡೋದು ಆ ಬೆಂಕಿ, ಆ ಹೊಗೆ.”

“ಇದು ಒಳ್ಳೇದಾ?”

“ಒಳ್ಳೇದಲ್ಲ. ಅದಕ್ಕಿಂತ ಕಡಿಮೆ ಕೆಟ್ಟದ್ದು.”

“ಹಾಗಾದ್ರೆ ನಿಮ್ಮವ್ವನ ಹಾಗೆ,” ಎಂದು ಕುಬಾತ್ ಬಾಯಿಗಿಟ್ಟುಕೊಂಡ.

ಕರಬೂಜದ ವಾಸನೆ. ಉಸಿರು ಒಳಗೆಳೆದು, ಅದನ್ನು ಎಲ್ಲಿ ಇಡುವುದೆಂದು ತಿಳಿಯದವನಂತೆ ಕೊಂಚ ಹೊತ್ತು ಸುಮ್ಮನಿದ್ದು, ನಿಧಾನಕ್ಕೆ ಬಿಟ್ಟ. ಅಂದಿನಿಂದ ಹಾಗೆಯೇ. ಒಂದು ಉಸಿರು, ಒಂದು ತಡೆತ, ಆಮೇಲೆ ಉದ್ದನೆಯ ಬಿಳಿ ಹಬೆ. ಸಿಗರೇಟು ನಿಂತಿತು. ಚಳಿಗಾಲ ಬರುವ ಹೊತ್ತಿಗೆ ಕೆಮ್ಮು ಎಷ್ಟು ಇಳಿಯಿತೆಂದರೆ, ಹಾಸಿಗೆಯಲ್ಲಿ ಹೆಣ ಮಲಗಿದೆಯೇನೋ ಎಂದು ಬುರುಲ್ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು.

*

ಗುಡಾರದೊಳಗೆ ಮೊದಲು ಮೂಗರಳಿಸಿದವಳು ಪಕ್ಕದ ಮನೆಯ ಕಾಲಿಪಾ. ಹಾಡಿ ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗುರುತಿಲ್ಲದವರ ಸಾವಿಗೂ ಬಟ್ಟಲು ತುಂಬ ಕಣ್ಣೀರು ಸುರಿಸುವವಳು. ಅಂಥವಳು ನಡುಸಾಲಿನಲ್ಲಿ ತಡೆದು, ಬುರುಲ್‌ಳ ಕಿವಿಗೆ ಬಾಗಿದಳು.

“ಅಕ್ಕಾ, ಯಾರಾದ್ರೂ ಕರಬೂಜ ಕುಯ್ದ್ರಾ?”

“ಈ ಚಳೀಲಿ ಕರಬೂಜ ಎಲ್ಲಿಂದ ಬರುತ್ತೆ. ಅಳೇ ಸುಮ್ನೆ.”

ಕಾಲಿಪಾ ಅಳಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದಳು. ಬುರುಲ್ ಕೂಡ ನೋಡಿದಳು. ಕೋಟಿನ ಎದೆಯ ಹತ್ತಿರ, ಗುಂಡಿಗಳ ಸಂದಿನಿಂದ, ಬಿಳಿ ಹಬೆಯ ಒಂದು ಎಳೆ ಹೊರಬಂತು. ಉದ್ದವಾಗಿ ಎದ್ದು ಟೊಪ್ಪಿಗೆಯ ಅಂಚನ್ನು ಸುತ್ತಿ ಕರಗಿತು. ಆಮೇಲೆ ಒಂದು ತಡೆತ. ಆಮೇಲೆ ಇನ್ನೊಂದು ಎಳೆ.

“ಕೊಳವೆ ಜೇಬಲ್ಲೇ ಇರ್ಬೇಕು,” ಎಂದಳು ಕಾಲಿಪಾ. “ಅದಕ್ಕದೇ ಹತ್ಕೊಂಡಿದೆ. ನನ್ನ ಮೊಮ್ಮಗಂದೂ ಒಂದ್ಸಲ ಹೀಗೇ ಆಗಿತ್ತು. ಅಲ್ವಾ ಅಕ್ಕಾ?”

ಬುರುಲ್ ಹೂಂ ಎಂದಳು. ತನ್ನ ಅಂಗಿಯ ಎಡತೋಳಿನೊಳಗೆ ಬೆರಳು ತೂರಿಸಿದಳು. ಹಸಿರು ಕೊಳವೆ ಅಲ್ಲೇ ಇತ್ತು. ಗಂಡನ ದಿಂಬಿನ ಕೆಳಗಿನಿಂದ ಅವಳೇ ತೆಗೆದಿಟ್ಟುಕೊಂಡದ್ದು. ಒಳಗೆ ರಸವಿಲ್ಲ, ದೀಪ ಸತ್ತು ತಿಂಗಳುಗಳಾಗಿವೆ. ಕಲ್ಲಿನ ಹಾಗೆ ತಣ್ಣಗಿತ್ತು.

*

ಕಾನೂನು ಬಂದದ್ದು ಹೋದ ಬೇಸಿಗೆಯಲ್ಲಿ. ಹಬೆ ಕೊಳವೆ ಮಾರುವ ಹಾಗಿಲ್ಲ, ತರಿಸುವ ಹಾಗಿಲ್ಲ. ಮಕ್ಕಳು ಹಾಳಾಗುತ್ತಿದ್ದಾರೆ ಎಂದು ಟೀವಿಯಲ್ಲಿ ಹೇಳಿದರು, ಅದು ಸುಳ್ಳೂ ಅಲ್ಲ. ಊರ ಅಂಗಡಿಯವಳು ಕೊಳವೆಗಳನ್ನೆಲ್ಲ ಗುಡಿಸಿ ತೆಗೆದು, ಆ ಜಾಗದಲ್ಲಿ ಸಿಗರೇಟಿನ ಪೊಟ್ಟಣಗಳನ್ನು ಒಪ್ಪವಾಗಿ ಜೋಡಿಸಿದಳು. ಜಿಪಾರ್ ಫೋನಿನಲ್ಲಿ ಅತ್ತಳು. “ಮಕ್ಕಳ ಕೈಯಿಂದ ಕಿತ್ಕೊಳ್ಳಲಿ ಅಮ್ಮಾ, ನಾನೂ ಕಿತ್ಕೊಳ್ತೀನಿ. ಆದ್ರೆ ಅಪ್ಪನಂಥೋರು ಎಲ್ಲಿಗೆ ಹೋಗ್ಬೇಕು?” ಅವಳು ಕೊಟ್ಟುಹೋಗಿದ್ದ ರಸ ಸ್ವಲ್ಪ ಕಾಲ ನಡೆಯಿತು. ಅದು ಮುಗಿದ ಮೇಲೂ ಕುಬಾತ್ ಖಾಲಿ ಕೊಳವೆಯನ್ನೇ ಸೇದುತ್ತಿದ್ದ. ರೂಢಿಯಂತೆ ಉಸಿರು ತಡೆದು, ಏನೂ ಇಲ್ಲದ್ದನ್ನು ನಿಧಾನಕ್ಕೆ ಬಿಡುತ್ತಿದ್ದ.

ಅದನ್ನು ನೋಡಲಾರದೆ ಎಸೆಂಗುಲ್ ಒಂದು ಸಂಜೆ ಬಂದ. ಕೈಯಲ್ಲಿ ಕೆಂಪು ಪಟ್ಟಿಯ ಪೊಟ್ಟಣ. ಅವನ ಮಗ ರಷ್ಯಾದಿಂದ ತರುವ ಸಿಗರೇಟು, ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು. ತಮ್ಮನ ಬಾಯಿಗೆ ತಾನೇ ಇಟ್ಟು, ತಾನೇ ಕಡ್ಡಿ ಗೀರಿದ.

“ಇದು ನಮ್ಮಪ್ಪ ಸೇದಿದ್ದು, ನಾನು ಸೇದ್ತಿರೋದು,” ಅಂದ. “ಯಾರೂ ಬೇಡ ಅಂದಿಲ್ಲ. ಸೇದು.”

ಕುಬಾತನ ಕಣ್ಣಲ್ಲಿ ನೀರು ಬಂತು. ಹೊಗೆಗೋ, ಅಣ್ಣನ ಪ್ರೀತಿಗೋ. ಬುರುಲ್ ಇಬ್ಬರಿಗೂ ಚಹಾ ಸುರಿದಳು. ಆಮೇಲೆ ಪೊಟ್ಟಣಗಳು ಬರುತ್ತಲೇ ಇದ್ದವು. ಮೊದಲ ಹಿಮ ಬೀಳುವಾಗ ಗುಡ್ಡದ ಕುರಿಗಳು ಮತ್ತೆ ಬೆಳಿಗ್ಗೆ ಬೇಗ ಏಳತೊಡಗಿದವು.

*

ಹೊರಗೆ ಹೆಣ ತೊಳೆಯುವ ನೀರು ಕಾಯುತ್ತಿತ್ತು. ಕರಿದ ಎಣ್ಣೆಯ ವಾಸನೆ ಗುಡಾರದೊಳಗೂ ಬಂತು. ಸತ್ತವರು ತಿನ್ನುವುದು ಆ ವಾಸನೆಯನ್ನೇ ಎಂಬುದು ಅಲ್ಲಿಯ ನಂಬಿಕೆ. ಆದರೆ ಕರಬೂಜದ ವಾಸನೆ ಅದನ್ನು ಬದಿಗೆ ತಳ್ಳಿ ಹರಡುತ್ತಿತ್ತು.

ಬುರುಲ್ ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈ ಕೊಟ್ಟು, ದನಿ ಎತ್ತಿದಳು. ಎದುರಾಡಬಾರದ ಹೆಂಗಸಿಗೆ ಅಲ್ಲಿ ಒಂದೇ ಒಂದು ಬಾಗಿಲಿದೆ. ವಿಧವೆ ಹಾಡಿ ಅಳುವಾಗ ಏನು ಹೇಳಿದರೂ ಯಾರೂ ತಡೆಯುವ ಹಾಗಿಲ್ಲ, ಮುಲ್ಲಾ ಕೂಡ. ಕಂಬಳಿ ಗೋಡೆಯ ಆಚೆ ನಿಂತ ಗಂಡಸರಿಗೆಲ್ಲ ಕೇಳಿಸಿತು.

“ನನ್ನ ಹಾದಿಯವನೇ, ನನ್ನ ಹೊಗೆಯವನೇ,
ಮಗಳು ನಿನಗೆ ತಂದದ್ದು ಕರಬೂಜದ ಉಸಿರು,
ಆ ಉಸಿರಿನ ಬಾಗಿಲು ಮುಚ್ಚಿಹೋಯಿತು.
ಮೇಲ್ಮನೆಯಿಂದ ಬೆಂಕಿ ಬಂತು,
ಕೆಂಪು ಪಟ್ಟಿ ಉಟ್ಟುಕೊಂಡು ಬಂತು,
ಪ್ರೀತಿಯಿಂದ ಬಂತು, ಪ್ರೀತಿಯಿಂದ ಸುಟ್ಟಿತು.
ಮಗಳು ಎಣ್ಣೆಯ ಮುಂದೆ ಕೂತಿದ್ದಾಳೆ,
ದಾರಿ ತೋರಿಸುವವರಿಲ್ಲದೆ ನೀನು ಎಲ್ಲಿಗೆ ಹೋಗುತ್ತೀ?”

ಕೋಟು ಉಸಿರು ಬಿಟ್ಟಿತು. ಈ ಸಲ ಎಳೆಯಲ್ಲ. ಎರಡೂ ತೋಳುಗಳಿಂದ, ಕೊರಳಿನಿಂದ, ಹಬೆ ದಪ್ಪಗೆ ಉಕ್ಕಿ ಟೊಪ್ಪಿಗೆಯನ್ನು ಮುಚ್ಚಿತು. ಒಂದು ಗಳಿಗೆ ಅಲ್ಲಿ ಮುಖವಿಲ್ಲದ ಮನುಷ್ಯ ನಿಂತ ಹಾಗಿತ್ತು. ಹೆಂಗಸರ ದನಿ ಒಟ್ಟಿಗೇ ಕಡಿದುಹೋಯಿತು. ಕಾಲಿಪಾ ತನ್ನ ಬಾಯಿಯನ್ನು ತಾನೇ ಎರಡೂ ಕೈಗಳಿಂದ ಮುಚ್ಚಿಕೊಂಡಳು.

ಹೆಣದ ಮುಂದೆ ಅಳು ನಿಲ್ಲುವುದೆಂದರೆ ಮನೆತನಕ್ಕೇ ಅವಮಾನ. ಎಸೆಂಗುಲ್ ಕಂಬಳಿ ಸರಿಸಿ ಒಳಗೆ ಬಂದ. ಕೋಟನ್ನು ನೋಡಿದ. ಮುಖ ಬೂದಿಯಾಯಿತು, ಆದರೂ ಹಿಂದೆ ಸರಿಯಲಿಲ್ಲ.

“ಹೇಳ್ಲಿಲ್ವಾ ನಾನು,” ಅಂದ. “ಆ ಸೈತಾನ ಇನ್ನೂ ಜೇಬಲ್ಲೇ ಇದೆ. ಸತ್ತ ಮೇಲೂ ಬಿಡ್ತಿಲ್ಲ ಅವನನ್ನ.”

ಹಬೆಯೊಳಗೆ ಕೈ ತೂರಿಸಿ ಜೇಬು ತಡಕಿದ. ಕೈ ಹೊರಬಂದಾಗ ಅದರಲ್ಲಿ ಕೆಂಪು ಪಟ್ಟಿಯ ಪೊಟ್ಟಣವಿತ್ತು, ಅರ್ಧ ಖಾಲಿ. ಅದನ್ನು ತಿರುಗಿಸಿ ನೋಡಿದ. ಇನ್ನೊಂದು ಜೇಬಿಗೆ ಕೈ ಹಾಕಿದ. ಅಲ್ಲಿ ಬೆಂಕಿಪೊಟ್ಟಣ ಬಿಟ್ಟರೆ ಬೇರೇನೂ ಇರಲಿಲ್ಲ.

ಬುರುಲ್ ಅಂಗಿಯ ತೋಳಿನಿಂದ ಹಸಿರು ಕೊಳವೆಯನ್ನು ತೆಗೆದು ಅಂಗೈ ಮೇಲೆ ಹಿಡಿದಳು.

“ಇದು ನನ್ನ ಹತ್ರ ಇದೆ ಭಾವ. ಹಿಮ ಬೀಳೋ ಮುಂಚೇನೇ ಸತ್ತೋಗಿದೆ. ಮುಟ್ಟಿ ನೋಡಿ.”

ಎಸೆಂಗುಲ್ ಮುಟ್ಟಿದ. ಸುಟ್ಟವನ ಹಾಗೆ ಬೆರಳು ಎಳೆದುಕೊಂಡ. ಅವನ ಕಿವಿಯ ಪಕ್ಕದಲ್ಲೇ ಕೋಟು ಇನ್ನೊಂದು ಸಲ, ತಡೆದು ತಡೆದು, ಉಸಿರು ಬಿಟ್ಟಿತು. ಹಾಗಾದರೆ ಇದು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ ಎಲ್ಲರಿಗೂ ಇತ್ತು.

“ಹುಡ್ಗೀನ ಕರೀರಿ,” ಅಂದ ಎಸೆಂಗುಲ್, ಯಾರನ್ನೂ ನೋಡದೆ.

ಜಿಪಾರ್ ಕೈಯ ಹಿಟ್ಟನ್ನು ಒರೆಸಿಕೊಳ್ಳದೆಯೇ ಬಂದಳು. ಪರದೆಯ ಈಚೆ ಅಪ್ಪನ ತಲೆಯ ಹತ್ತಿರ ಕೂತಳು. ಮೊದಲ ಸಾಲು ಹೊರಬರಲಿಲ್ಲ. ಎರಡನೆಯದಕ್ಕೆ ದನಿ ಸಿಕ್ಕಿತು. ಕೆಮ್ಮನ್ನು ಹಾಡಿದಳು, ಘಾಟಿಯ ತಿರುವುಗಳನ್ನು ಹಾಡಿದಳು, ನಿಮ್ಮವ್ವನ ಹಾಗೆ ಎಂದದ್ದನ್ನು ಹಾಡಿದಳು. ಆಗ ಹೆಂಗಸರು ಅಳುವಿನ ನಡುವೆಯೇ ನಕ್ಕರು. ಹಾಡು ಮುಗಿಯುವ ಹೊತ್ತಿಗೆ ಗುಡಾರದಲ್ಲಿ ಹೆಂಗಸರ ಬಾಯಿಯ ಹಬೆ ಮಾತ್ರ ಉಳಿದಿತ್ತು. ಕೋಟು ಬರೀ ಕೋಟಾಗಿ ತೂಗುತ್ತಿತ್ತು.

ಹೆಣ ತೊಳೆದವರಿಗೆ ಸತ್ತವನ ಬಟ್ಟೆ ಹಂಚುವುದು ಪದ್ಧತಿ. ತಲೆಗೆ ನೀರು ಹಾಕಿದವನು ಅಣ್ಣ, ಆದ್ದರಿಂದ ಕೋಟು ಅವನದು. ಬುರುಲ್ ತಾನೇ ಅದನ್ನು ಇಳಿಸಿ ತಂದು ಎರಡೂ ಕೈಗಳಿಂದ ಕೊಟ್ಟಳು. ಎಸೆಂಗುಲ್ ಬೇಡ ಎನ್ನುವ ಹಾಗಿರಲಿಲ್ಲ. ಬೇಡ ಎಂದರೆ ತಮ್ಮನನ್ನೇ ಬೇಡ ಎಂದ ಹಾಗೆ. ಎಲ್ಲರ ಎದುರಿಗೆ ತೋಳು ತೂರಿಸಿ, ಗುಂಡಿ ಹಾಕಿಕೊಂಡ. ಕೆಂಪು ಪಟ್ಟಿಯ ಪೊಟ್ಟಣ ಅವನ ಮುಷ್ಟಿಯಲ್ಲೇ ಇತ್ತು. ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದಿದ್ದ.

ಹೆಣ ಎದ್ದಿತು. ಹೆಂಗಸರು ಗೋರಿಯವರೆಗೆ ಹೋಗುವುದಿಲ್ಲ. ಗಂಡಸರು ಹೆಗಲು ಬದಲಿಸುತ್ತಾ ಹಿಮದ ಹಾದಿಯಲ್ಲಿ ಏರಿದರು. ಹಿಂದೆ ಉಳಿದ ಹುಡುಗರು ಆಗಲೇ ಗುಡಾರ ಬಿಚ್ಚತೊಡಗಿದ್ದರು. ಬುರುಲ್ ಮಗಳ ಹಿಟ್ಟಿನ ಕೈ ಹಿಡಿದು ಅಂಗಳದ ಬಾಗಿಲಲ್ಲಿ ನಿಂತಳು. ಇನ್ನೊಂದು ಕೈಯೊಳಗೆ ತಣ್ಣನೆಯ ಕೊಳವೆ.

ಚಳಿಯಲ್ಲಿ ಏರು ಹತ್ತುವವರ ಬಾಯಿಂದ ಹಬೆ ಏಳುತ್ತಿತ್ತು, ಒಬ್ಬೊಬ್ಬನಿಗೆ ಒಂದೊಂದು. ಎಲ್ಲರಿಗಿಂತ ಹಿಂದೆ, ಕುರಿದೊಗಲಿನ ಕೋಟು ತೊಟ್ಟ ಎಸೆಂಗುಲ್ ಕೋಲೂರಿಕೊಂಡು ಹೋಗುತ್ತಿದ್ದ. ಅವನ ತಲೆಯ ಮೇಲೆ ಮಾತ್ರ ಎರಡು ಹಬೆ ಏಳುತ್ತಿದ್ದವು. ಒಂದು ಏದುಸಿರಿನದು, ಹೆಜ್ಜೆಗೊಮ್ಮೆ ಬಂದು ಚೂರಾಗುತ್ತಿತ್ತು. ಇನ್ನೊಂದಕ್ಕೆ ಅವಸರವೇ ಇರಲಿಲ್ಲ. ಊಟ ಮುಗಿಸಿ ಕೂತವನ ಹಾಗೆ, ಒಂದು ತಡೆತ, ಆಮೇಲೆ ಉದ್ದಕ್ಕೆ, ಬೆಳ್ಳಗೆ, ಗುಡ್ಡದ ಕಡೆಗೆ.